ಢ್ಯಾಂಗ್ರೊ ಮನೆಗೆ ಬಂತು, ಮುಂದೇನು? ಝಾಂಕ್ರಿಗಳ ಡೋಲು ಕೊಳ್ಳುವವರಿಗೆ, ಕಾಪಾಡುವವರಿಗೆ

ಮುಕ್ತಿನಾಥ, ಪಶುಪತಿನಾಥ ನೋಡಿಕೊಂಡು ಬಂದವರಲ್ಲಿ ಒಬ್ಬರಾದರೂ ಪ್ರತಿ ವರ್ಷ ಫೋಟೋ ಕಳಿಸುತ್ತಾರೆ. ದುಂಡನೆಯ ಡೋಲು, ಕೆಳಗೆ ಕೆತ್ತನೆಯ ಹಿಡಿ, ಜೊತೆಗೊಂದು ಬಾಗಿದ ಕೋಲು. ಪ್ರಶ್ನೆಗಳೂ ಬಹುತೇಕ ಅವೇ. "ಇದನ್ನ ಮನೇಲಿ ಇಟ್ಕೋಬಹುದಾ? ಏನಾದ್ರೂ ದೋಷ ಉಂಟಾ?" "ಅಲ್ಲಿ ಚೆನ್ನಾಗಿ ಕೇಳ್ತಿತ್ತು, ಇಲ್ಲಿ ಬಂದ ಮೇಲೆ ದಪ್ಪ ದಪ್ಪ ಅಂತಿದೆ, ಯಾಕೆ?" "ಧ್ಯಾನಕ್ಕೆ ಬಾರಿಸಬಹುದಾ?"

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವುದಕ್ಕಿಂತ ಎಲ್ಲ ಒಂದೇ ಕಡೆ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಇನ್ನೂ ಕೊಳ್ಳದವರು ಮೊದಲಿಂದ ಓದಿ. ಈಗಾಗಲೇ ತಂದವರು ಸೀದಾ 5ನೇ ಹಂತಕ್ಕೆ ಹೋಗಬಹುದು. ಆದರೂ 1ನೇ ಹಂತ ಬಿಡಬೇಡಿ.

1. ಮೊದಲು ಇದು ಏನು ಅಂತ ತಿಳಿದುಕೊಳ್ಳಿ

ಇದರ ಹೆಸರು ಢ್ಯಾಂಗ್ರೊ. ನೇಪಾಳದ ಗುಡ್ಡಗಾಡಿನ ಝಾಂಕ್ರಿಗಳು ಬಳಸುವ ಡೋಲು. ಝಾಂಕ್ರಿ ಅಂದರೆ ದೇವರನ್ನೋ ಹಿರಿಯರನ್ನೋ ಮೈಮೇಲೆ ಕರೆಸಿಕೊಂಡು, ಕಾಯಿಲೆಗೆ, ಕಾಟಕ್ಕೆ ಪರಿಹಾರ ಹೇಳುವವರು. ತಾಮಾಂಗ್ ಸಮುದಾಯದಲ್ಲಿ ಅವರಿಗೆ ಬೊಂಬೊ ಅಂತಾರೆ. ಡಾರ್ಜಿಲಿಂಗ್, ಸಿಕ್ಕಿಂ ಕಡೆಯ ನೇಪಾಳಿಗಳಲ್ಲೂ ಝಾಂಕ್ರಿಗಳಿದ್ದಾರೆ. ಗ್ಯಾಂಗ್‌ಟಕ್ ಹತ್ತಿರದ ಬನ್ ಝಾಂಕ್ರಿ ಜಲಪಾತಕ್ಕೆ ನಿಮ್ಮಲ್ಲಿ ಕೆಲವರು ಹೋಗಿರುತ್ತೀರಿ. ಬನ್ ಝಾಂಕ್ರಿ ಅಂದರೆ ಕಾಡಿನ ಝಾಂಕ್ರಿ. ಕುಳ್ಳ, ಪಾದ ಹಿಂದುಮುಂದು. ಮಕ್ಕಳನ್ನು ಗುಹೆಗೆ ಎತ್ತಿಕೊಂಡು ಹೋಗಿ ಮಂತ್ರ ಕಲಿಸಿ ವಾಪಸ್ ಕಳಿಸುತ್ತಾನೆ ಅನ್ನುವುದು ಅಲ್ಲಿನ ನಂಬಿಕೆ. ಎಷ್ಟೋ ಝಾಂಕ್ರಿಗಳು ತಮ್ಮ ಮೊದಲ ಗುರು ಅವನೇ ಅನ್ನುತ್ತಾರೆ.

'ಶಾಮನ್' ಎಂಬ ಪದ ನೇಪಾಳದ್ದಲ್ಲ, ಸೈಬೀರಿಯಾದ ಎವೆಂಕಿ ಜನರ ಭಾಷೆಯಿಂದ ಬಂದದ್ದು. ಅಂಗಡಿಯವರು ಎಲ್ಲದಕ್ಕೂ 'ಶಾಮನ್ ಡ್ರಮ್' ಅಂತ ಚೀಟಿ ಅಂಟಿಸಿರುತ್ತಾರೆ. ಬೆಂಗಳೂರಲ್ಲಿ ಅದೇ ಹೆಸರಲ್ಲಿ ಸಿಗುವುದು ಸಾಮಾನ್ಯವಾಗಿ ಒಂದೇ ಮುಖದ ಡೋಲು. ಅದಕ್ಕೆ ಹಿಡಿ ಇರುವುದಿಲ್ಲ, ಹಿಂದುಗಡೆ ಅಡ್ಡಡ್ಡ ಎಳೆದ ಹುರಿಯನ್ನೇ ಹಿಡಿದುಕೊಳ್ಳಬೇಕು. ಅದು ಬೇರೆ ಜಾತಿ.

ಢ್ಯಾಂಗ್ರೊಗೆ ಸಾಮಾನ್ಯವಾಗಿ ಎರಡು ಮುಖ. ಒಂದೂವರೆ ಅಡಿಯೊಳಗಿನ ಮರದ ಬಳೆ, ಎರಡೂ ಕಡೆ ಚರ್ಮ, ಆ ಚರ್ಮಗಳನ್ನು ಬೆತ್ತದ ಸೀಳಿನಿಂದ ಎಳೆದು ಬಿಗಿದಿರುತ್ತಾರೆ. ಹಿಡಿಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಮೇಲೆ ಮೂರು ಮುಖಗಳ ಕೆತ್ತನೆ, ಕೆಳಗೆ ಹಾವು, ತ್ರಿಶೂಲ, ಸೂರ್ಯ, ಚಂದ್ರ. ತುದಿ ಮೂರು ಅಂಚಿನ ಮೊಳೆಯ ಹಾಗೆ ಚೂಪಾಗುತ್ತದೆ. ಇದು ಫುರ್ಬಾದ ಆಕಾರ. ಫುರ್ಬಾ ಅಂದರೆ ಕೆಟ್ಟ ಶಕ್ತಿಯನ್ನು ನೆಲಕ್ಕೆ ಜಡಿದು ನಿಲ್ಲಿಸುವ ಮಂತ್ರದ ಗೂಟ. ಹಾಗಾಗಿ ಝಾಂಕ್ರಿಯ ಕೈಯಲ್ಲಿ ಇದು ಬರೀ ವಾದ್ಯ ಆಗಿರುವುದಿಲ್ಲ, ಆಯುಧವೂ ಹೌದು. ಬಾಗಿದ ಬೆತ್ತದ ಕೋಲಿಗೆ ಗಜೊ ಅಂತ ಹೆಸರು.

ಪೂಜೆಯಲ್ಲಿ ಇದರ ಕೆಲಸ ಏನು? ರಾತ್ರಿಯಿಡೀ ನಡೆಯುವ ಆಚರಣೆಗೆ ಚಿಂತಾ ಅಂತಾರೆ. ನಮ್ಮ 'ಚಿಂತೆ' ಅಂದುಕೊಳ್ಳಬೇಡಿ, ಅಲ್ಲಿ ಅದು ಕೂತು ದೇವರನ್ನು ಕರೆಯುವ ರಾತ್ರಿ. ಕತ್ತಲಾದ ಮೇಲೆ ಅಕ್ಕಿ, ದೀಪ, ಧೂಪ ಇಟ್ಟು ಮಂಡಲ ಹೂಡುತ್ತಾರೆ. ಝಾಂಕ್ರಿ ಬಿಳಿ ನಿಲುವಂಗಿ ಹಾಕಿ, ರುದ್ರಾಕ್ಷಿ ಮತ್ತು ಅಂಟುವಾಳ ಬೀಜದ ಸರ, ಎದೆಗೆ ಅಡ್ಡಲಾಗಿ ಗಂಟೆಗಳ ಸರ ಧರಿಸುತ್ತಾರೆ, ತಲೆಗೆ ನವಿಲುಗರಿ. ಡೋಲು ಕಾಯಿಸಿ, ನಿಧಾನವಾಗಿ ಶುರು ಮಾಡುತ್ತಾರೆ. ಗುರುವಿನ ಹೆಸರು, ದೇವರ ಹೆಸರು, ಆಮೇಲೆ ಊರು, ಹೊಳೆ, ಬೆಟ್ಟ, ಸರೋವರಗಳ ಹೆಸರು ಒಂದಾದ ಮೇಲೊಂದು. ಕೂತಲ್ಲೇ ದಾರಿ ನಡೆದ ಹಾಗೆ. ಪೆಟ್ಟು ಜೋರಾಗುತ್ತಾ ಹೋಗುತ್ತದೆ, ಮೈ ನಡುಗುತ್ತದೆ, ಗಂಟೆಗಳೆಲ್ಲ ಒಟ್ಟಿಗೆ ಅದುರುತ್ತವೆ. ಬಂದವರು ಯಾರು, ತೊಂದರೆ ಕೊಟ್ಟವರು ಯಾರು ಅಂತ ಹೇಳುವುದು ಆಗ. ಕೊನೆಗೆ ಬಂದವರನ್ನು ಬೀಳ್ಕೊಡುವುದೂ ಡೋಲಿನಿಂದಲೇ. ಕರೆದವರನ್ನು ವಾಪಸ್ ಕಳಿಸದೆ ಯಾವ ಝಾಂಕ್ರಿಯೂ ಡೋಲು ಕೆಳಗಿಡುವುದಿಲ್ಲ.

ದರ್ಶನ, ಗಣ ಬರುವುದು, ಮೈದುಂಬುವುದನ್ನು ಹತ್ತಿರದಿಂದ ನೋಡಿದ ನಮಗೆ ಇದು ಅಷ್ಟೇನೂ ಹೊಸದಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ತುಳುನಾಡಿನ ಕೋಲದಲ್ಲಿ ತೆಂಬರೆ ಬಡಿಯುವವರು ಒಬ್ಬರು, ದೈವ ಬರುವುದು ಇನ್ನೊಬ್ಬರ ಮೈಮೇಲೆ. ಬೊಂಬೊ, ಝಾಂಕ್ರಿಗಳಲ್ಲಿ ಬಡಿಯುವವರ ಮೈಮೇಲೇ ಬರುತ್ತದೆ. ನಡುಗುತ್ತಲೇ ತಾಳ ಬಿಡದೆ ಬಾರಿಸುವುದು ವರ್ಷಗಟ್ಟಲೆ ಗುರುವಿನ ಹತ್ತಿರ ಕಲಿತವರಿಗಷ್ಟೇ ಸಾಧ್ಯ.

2. ಕೊಳ್ಳುವ ಮೊದಲು ಇದರ ಸದ್ದು ಒಮ್ಮೆ ಕೇಳಿ

ನಮ್ಮಲ್ಲಿ ನೂಲಹುಣ್ಣಿಮೆ ದಿನ ಜನಿವಾರ ಬದಲಿಸುತ್ತಾರಲ್ಲ, ಅದೇ ದಿನ ನೇಪಾಳದಲ್ಲಿ ಜನೈ ಪೂರ್ಣಿಮಾ. ಝಾಂಕ್ರಿಗಳಿಗೆ ವರ್ಷದ ದೊಡ್ಡ ದಿನ. ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಬರುತ್ತದೆ. ಅವತ್ತು ಅವರು ಗೋಸಾಯಿಕುಂಡ ಸರೋವರಕ್ಕೆ ಡೋಲು ಬಾರಿಸುತ್ತಾ ಹೋಗುತ್ತಾರೆ. ಶಿವ ಹಾಲಾಹಲ ಕುಡಿದು, ಉರಿ ತಡೆಯಲಾರದೆ ತ್ರಿಶೂಲ ಚುಚ್ಚಿ ನೀರು ಬರಿಸಿದ ಜಾಗ ಅಂತ ನಂಬಿಕೆ.

ಎಚ್ಚರಿಕೆ: ಗೋಸಾಯಿಕುಂಡ ಸುಮಾರು 4,380 ಮೀಟರ್ ಎತ್ತರದಲ್ಲಿದೆ. ಬಸ್ ಇಳಿಯುವ ಧುಂಚೆ ಸುಮಾರು 2,000 ಮೀಟರ್. ಹಬ್ಬದ ಭರದಲ್ಲಿ ಎರಡೇ ದಿನಕ್ಕೆ ಹತ್ತಿ ತಲೆನೋವು, ವಾಂತಿ, ಉಸಿರಾಟದ ತೊಂದರೆಗೆ ಬೀಳುವ ಯಾತ್ರಿಕರು ಅಲ್ಲಿ ಮಾಮೂಲು. ಮಿದುಳಿಗೆ, ಶ್ವಾಸಕೋಶಕ್ಕೆ ನೀರು ತುಂಬಿ ಜೀವಕ್ಕೇ ಅಪಾಯ ಆಗಬಹುದು. ದಾರಿಯಲ್ಲಿ ಚಂದನಬಾರಿಯಲ್ಲೂ ಲೌರಿಬಿನಾದಲ್ಲೂ ತಂಗಿ ನಿಧಾನಕ್ಕೆ ಏರಿ. ತಲೆನೋವು ಜಾಸ್ತಿಯಾದರೆ, ನಡಿಗೆ ತಪ್ಪಿದರೆ ತಕ್ಷಣ ಕೆಳಗಿಳಿಯಿರಿ. ಹರಕೆ ಮುಂದಿನ ವರ್ಷಕ್ಕೂ ಇರುತ್ತದೆ.

ಹತ್ತುವುದು ಬೇಡ ಅನ್ನುವವರು ಅದೇ ದಿನ ಕಠ್ಮಂಡು ಪಕ್ಕದ ಪಾಟನ್‌ನ ಕುಂಭೇಶ್ವರಕ್ಕೆ ಹೋಗಿ. ಐದು ಅಂತಸ್ತಿನ ದೇವಸ್ಥಾನ, ಪಾಟನ್ ದರ್ಬಾರ್ ಚೌಕದಿಂದ ನಡೆದೇ ಹೋಗಬಹುದು. ಅಲ್ಲಿನ ಕೊಳಕ್ಕೆ ಗೋಸಾಯಿಕುಂಡದ ನೀರೇ ಒಳದಾರಿಯಲ್ಲಿ ಬರುತ್ತದೆ ಅಂತ ನಂಬುತ್ತಾರೆ. ಅವತ್ತು ಝಾಂಕ್ರಿಗಳು ಅಲ್ಲಿಗೂ ಬಂದು ಢ್ಯಾಂಗ್ರೊ ಬಾರಿಸಿ ಕುಣಿಯುತ್ತಾರೆ. ನೋಡಿ, ಕೇಳಿ. ಮುಖದ ಹತ್ತಿರ ಮೊಬೈಲ್ ಹಿಡಿಯಬೇಡಿ. ಕೆಳಗಿಟ್ಟ ಡೋಲನ್ನು ಮುಟ್ಟಬೇಡಿ, ದಾಟಬೇಡಿ. ಬರುವಾಗ ಕ್ವಾತಿ ತಿನ್ನದೆ ಬರಬೇಡಿ, ಒಂಬತ್ತು ಬಗೆಯ ಮೊಳಕೆ ಕಾಳಿನ ಸಾರು. ಮುದ್ದೆ ಒಂದಿದ್ದರೆ ಅಂತ ಅನ್ನಿಸದೇ ಇರಲ್ಲ.

3. ಕೊಳ್ಳುವಾಗ

ಹೊಸದನ್ನೇ ಕೊಳ್ಳಿ. ನನ್ನ ಮಟ್ಟಿಗೆ ಇದರಲ್ಲಿ ರಾಜಿಯಿಲ್ಲ.

ಕಠ್ಮಂಡುವಿನ ಠಮೇಲ್ ಅಥವಾ ಬೌದ್ಧ ಬಡಾವಣೆಯ ಅಂಗಡಿಯಲ್ಲಿ ಹೊಗೆ ಹಿಡಿದು ಕಪ್ಪಾದ ಡೋಲು ತೋರಿಸಿ "ಇನ್ನೂರು ವರ್ಷ ಹಳೇದು, ಝಾಂಕ್ರಿ ಬಳಸಿದ್ದು" ಅಂತಾರೆ. ಆ ಮಾತು ಸುಳ್ಳಾದರೆ ನೀವು ಟೋಪಿ ಹಾಕಿಸಿಕೊಂಡಿರಿ. ನಿಜವಾದರೆ ಇನ್ನೂ ಕಷ್ಟ. 100 ವರ್ಷ ದಾಟಿದ ವಸ್ತುಗಳನ್ನು ನೇಪಾಳದಿಂದ ಹೊರಗೆ ಒಯ್ಯುವಂತಿಲ್ಲ. ಹಳೆಯದರ ಹಾಗೆ ಕಾಣುವ ಹೊಸ ವಸ್ತುವಿಗೂ ಅಲ್ಲಿನ ಪುರಾತತ್ವ ಇಲಾಖೆಯ ಚೀಟಿ ಕೇಳಬಹುದು. ಹೊಗೆ ಹಿಡಿಸಿದ ಡೋಲು ಕೊಂಡರೆ ವಿಮಾನ ನಿಲ್ದಾಣದಲ್ಲಿ ವಿವರಣೆ ಕೊಡುತ್ತಾ ನಿಲ್ಲಬೇಕಾಗುತ್ತದೆ.

'ದೋಷ' ಕೇಳಿದವರಿಗೂ ಉತ್ತರ ಇಲ್ಲೇ ಇದೆ. ಅಂಗಡಿಗೆಂದೇ ಮಾಡಿದ ಡೋಲಿಗೆ ಯಾರೂ ಪೂಜೆ ಮಾಡಿರುವುದಿಲ್ಲ, ಯಾರನ್ನೂ ಕರೆದಿರುವುದಿಲ್ಲ. ಅದು ಮರ ಮತ್ತು ಚರ್ಮ. ಮನೆಯಲ್ಲಿ ಧಾರಾಳವಾಗಿ ಇಟ್ಟುಕೊಳ್ಳಿ. ಝಾಂಕ್ರಿ ಬಳಸಿದ ಡೋಲಿನ ಕತೆ ಬೇರೆ. ಅದು ಆ ಮನೆತನದ್ದು, ಆ ಗುರುವಿನ ಸಾಲಿನದ್ದು. ಅದು ಅಂಗಡಿಗೆ ಬಂದಿದೆ ಅಂದರೆ ಯಾರದೋ ಮನೆಯ ಕಷ್ಟ ಅಥವಾ ಕಳ್ಳತನ ಅದರ ಹಿಂದೆ ಇರಬಹುದು. ನಮ್ಮೂರಿನ ಬೀರಪ್ಪನ ಗುಡಿಯ ಡೊಳ್ಳನ್ನು ಯಾರಾದರೂ ಶೋಕೇಸಿಗೆ ಅಂತ ಕೊಂಡುಹೋದರೆ ಹೇಗನ್ನಿಸುತ್ತದೆ, ಅಷ್ಟೇ.

ಆರಿಸುವಾಗ ಹೀಗೆ ನೋಡಿ:

ಡೋಲನ್ನು ಬೆಳಕಿಗೆ ಹಿಡಿಯಿರಿ. ತೆಳು ಚರ್ಮದ ಮೂಲಕ ಬೆಳಕು ಮಂದವಾಗಿ ಕಾಣುತ್ತದೆ. ಸೂಜಿಮೊನೆಯಷ್ಟು ಹೊಳೆಯುವ ಚುಕ್ಕಿ ಕಂಡರೆ ಅದು ತೂತು, ಮುಂದೆ ಅಲ್ಲಿಂದಲೇ ಸೀಳುತ್ತದೆ. ಬಳೆಯ ಅಂಚಿನ ಸುತ್ತ ಬೆರಳು ಆಡಿಸಿ, ಎಲ್ಲೂ ಚೂಪು ಇರಬಾರದು. ಬಳೆಯ ಎರಡು ತುದಿ ಕೂಡಿದ ಜಾಗವನ್ನು ಹಿಸುಕಿ ನೋಡಿ, ಕಿರ್ ಅನ್ನಬಾರದು. ಹಿಡಿ ಹಿಡಿದು ಅಲ್ಲಾಡಿಸಿ. ಕೆಲವದರಲ್ಲಿ ಬೀಜಗಳನ್ನು ಒಳಗೆ ಹಾಕಿರುತ್ತಾರೆ, ಆ ಸದ್ದು ಸರಿ. ಹಿಡಿಯೇ ಅಲ್ಲಾಡಿದರೆ ಬೇಡ. ಎರಡೂ ಮುಖ ಬಾರಿಸಿ. ಒಂದರ ಸ್ವರ ಇನ್ನೊಂದಕ್ಕಿಂತ ತುಸು ಬೇರೆ ಇದ್ದೇ ಇರುತ್ತದೆ, ಅದು ದೋಷವಲ್ಲ.

ಚರ್ಮ ಯಾವುದರದ್ದು ಅಂತ ಕೇಳಿ. ಹಿಂದೆ ಜಿಂಕೆ, ಘೋರಲ್ ಎಂಬ ಕಾಡುಮೇಕೆಯ ಚರ್ಮ ಹಾಕುತ್ತಿದ್ದರು. "ಜಿಂಕೆದು ಸಾರ್, ಸ್ಪೆಷಲ್" ಅಂದರೆ ಅಲ್ಲೇ ಕೆಳಗಿಡಿ. ಜಿಂಕೆ ಚರ್ಮ ಇಟ್ಟುಕೊಳ್ಳುವುದು ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಆಡಿನ ಚರ್ಮ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

4. ತರುವಾಗ

ಕೋಲು ಮತ್ತು ಚೂಪು ಹಿಡಿ ನೋಡಿ ಕೈಚೀಲದ ತಪಾಸಣೆಯಲ್ಲಿ ತಡೆಯಬಹುದು. ಚೆಕ್-ಇನ್ ಸಾಮಾನಿನಲ್ಲೇ ಹಾಕಿ. ಎರಡೂ ಮುಖಕ್ಕೆ ರಟ್ಟು ಇಟ್ಟು, ಸುತ್ತ ಸ್ವೆಟರ್ ಸುತ್ತಿ, ಪೆಟ್ಟಿಗೆಯ ನಡುವೆ ಇಡಿ. ಬಿಲ್ ಕೈಯಲ್ಲಿರಲಿ.

5. ಕಾಯಿಸುವುದು ಕಲಿಯಿರಿ

ಹೆಚ್ಚು ಪ್ರಶ್ನೆ ಬರುವುದು ಇದರ ಬಗ್ಗೆಯೇ. "ಸೌಂಡ್ ಹೋಗಿದೆ" ಅನ್ನುವ ಡೋಲುಗಳಲ್ಲಿ ಹತ್ತಕ್ಕೆ ಒಂಬತ್ತು ಸುಮ್ನೆ ತೇವ ಹಿಡಿದಿರುತ್ತವೆ.

ಇದು ಹದ ಮಾಡದ ಹಸಿ ಚರ್ಮ. ಗಾಳಿಯ ತೇವ ಹೀರಿಕೊಂಡು ಹಿಗ್ಗುತ್ತದೆ, ಆಗ ಸ್ವರ ಇಳಿಯುತ್ತದೆ. ಒಣಗಿದರೆ ಕುಗ್ಗಿ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಢ್ಯಾಂಗ್ರೊಗೆ ತಿರುಪು, ಕೀಲಿ ಏನೂ ಇಲ್ಲ. ಶಾಖ ಒಂದೇ ದಾರಿ. ತಮಟೆಯವರು ಮೆರವಣಿಗೆ ನಡುವೆ ರಸ್ತೆ ಬದಿ ಹುಲ್ಲು, ಪೇಪರ್ ಉರಿಸಿ ತಮಟೆ ಕಾಯಿಸುವುದನ್ನು ನೋಡಿದ್ದೀರಲ್ಲ? ಅದೇ. ಝಾಂಕ್ರಿಗಳೂ ಒಲೆಯ ಮುಂದೆ ಹೀಗೇ ಕಾಯಿಸಿಕೊಂಡು ಶುರು ಮಾಡುತ್ತಾರೆ.

ಮನೆಯಲ್ಲಿ ಹೀಗೆ ಮಾಡಿ:

ಮೊದಲು ಒಣ ಬಟ್ಟೆಯಲ್ಲಿ ಎರಡೂ ಮುಖ ಒರೆಸಿ. ಬಿಸಿಲಿದ್ದರೆ ಬೆಳಗಿನ ಎಳೆಬಿಸಿಲಲ್ಲಿ ಒಂದೊಂದು ಮುಖಕ್ಕೆ ಹತ್ತು ನಿಮಿಷ ಸಾಕು. ಬಿಸಿಲಿಲ್ಲದಿದ್ದರೆ ಹೇರ್ ಡ್ರೈಯರ್. ಕಡಿಮೆ ಬಿಸಿಗೆ ಇಟ್ಟು ಒಂದೂವರೆ ಅಡಿ ದೂರದಿಂದ ಹಿಡಿಯಿರಿ. ಒಂದೇ ಕಡೆ ನಿಲ್ಲಿಸಬೇಡಿ, ದೋಸೆ ಹೆಂಚಿಗೆ ಎಣ್ಣೆ ಸವರುವ ಹಾಗೆ ಸುತ್ತ ತಿರುಗಿಸುತ್ತಿರಿ. ಅಂಚಿಂದ ಶುರು ಮಾಡಿ ನಡುವಿಗೆ ಬನ್ನಿ. ಅರ್ಧ ನಿಮಿಷಕ್ಕೊಮ್ಮೆ ಬೆರಳಿಂದ ತಟ್ಟಿ ಕೇಳಿ. ದಪ್ ಅನ್ನುತ್ತಿದ್ದದ್ದು ದಂ ಅನ್ನತೊಡಗುತ್ತದೆ, ಇನ್ನು ಸ್ವಲ್ಪಕ್ಕೆ ಣಂ ಅನ್ನುತ್ತದೆ. ದಂ ಮತ್ತು ಣಂ ನಡುವೆ ನಿಲ್ಲಿಸಿ. ಆರುವಾಗ ಇನ್ನೂ ತುಸು ಏರುತ್ತದೆ. ಅಂಗೈ ಇಟ್ಟರೆ ಮಗುವಿನ ಹಣೆಯಷ್ಟು ಬೆಚ್ಚಗಿರಬೇಕು, ಸುಡಬಾರದು. ಆಮೇಲೆ ಇನ್ನೊಂದು ಮುಖ.

ಮಾಡಬಾರದ್ದು: ಗ್ಯಾಸ್ ಒಲೆ ಮೇಲೆ ಹಿಡಿಯುವುದು, ಮೈಕ್ರೋವೇವ್ (ಹೌದು, ಕೇಳಿದವರಿದ್ದಾರೆ), ಇಸ್ತ್ರಿ ಪೆಟ್ಟಿಗೆ. ಕಾರಿನಲ್ಲಿ ಬಿಟ್ಟುಹೋಗುವುದೂ ಬೇಡ. ಏಪ್ರಿಲ್ ತಿಂಗಳ ಮಧ್ಯಾಹ್ನ ನನ್ನ ಮೊದಲ ಢ್ಯಾಂಗ್ರೊವನ್ನು ಡಿಕ್ಕಿಯಲ್ಲಿ ಮರೆತು ಊಟಕ್ಕೆ ಹೋಗಿದ್ದೆ. ವಾಪಸ್ ಬಂದಾಗ ಅಂಚಿನಿಂದ ನಡುವಿನವರೆಗೆ ಉದ್ದ ಬಿರುಕು. ತಪ್ಪು ಪೂರಾ ನನ್ನದೇ.

ಬಾರಿಸಿ ಮುಗಿದ ಮೇಲೆ ಬಿಗಿ ತಾನಾಗಿ ಇಳಿಯಲು ಬಿಡಿ. ಯಾವಾಗಲೂ ಬಿಗಿಯಾಗಿಯೇ ಇರಲಿ ಅಂತ ದಿನವೂ ಕಾಯಿಸಬೇಡಿ, ಚರ್ಮ ಬೇಗ ಸಾಯುತ್ತದೆ.

6. ಹಿಡಿಯುವುದು, ಬಾರಿಸುವುದು

ಚಕ್ಕಳಮಕ್ಕಳ ಹಾಕಿ ಕೂತುಕೊಳ್ಳಿ. ಹಿಡಿಯನ್ನು ಎಡಗೈಯಲ್ಲಿ ಹಿಡಿದು ಡೋಲನ್ನು ಎದೆ-ಮುಖದ ಮುಂದೆ ನೆಟ್ಟಗೆ ನಿಲ್ಲಿಸಿ. ಗಜೊವನ್ನು ಬಲಗೈಯಲ್ಲಿ ಸಡಿಲವಾಗಿ ಹಿಡಿಯಿರಿ, ತಮಟೆ ಕಡ್ಡಿಯ ಹಾಗೆ. ಪೆಟ್ಟು ಮಣಿಕಟ್ಟಿನಿಂದ ಬರಬೇಕು, ಭುಜದಿಂದಲ್ಲ. ನಟ್ಟನಡುವೆ ಹೊಡೆದರೆ ಸದ್ದು ಮಂಕು. ನಡು ಮತ್ತು ಅಂಚಿನ ಮಧ್ಯೆ ಹೊಡೆಯಿರಿ.

ತಾಳ ಕಲಿಯುವ ಗಡಿಬಿಡಿ ಬೇಡ. ಮೊದಲ ವಾರ ಒಂದೇ ಸಮನೆ ಪೆಟ್ಟು, ನಡಿಗೆಯ ವೇಗದಲ್ಲಿ. ಐದು ನಿಮಿಷ ಹಾಗೆ ಬಾರಿಸಿ ನೋಡಿ, ಅಂದುಕೊಂಡಷ್ಟು ಸುಲಭ ಅಲ್ಲ. ಎರಡನೇ ನಿಮಿಷಕ್ಕೇ ಕೈ ಓಡತೊಡಗುತ್ತದೆ. ಎಡಗೈ ಸೋತರೆ ಹಿಡಿಯ ತುದಿಯನ್ನು ತೊಡೆ ಮೇಲೆ ಊರಿಕೊಳ್ಳಿ, ನಡುವೆ ಬಟ್ಟೆ ಇರಲಿ. ಚೂಪು ತುದಿ ಚುಚ್ಚುತ್ತದೆ.

ಅಪಾರ್ಟ್‌ಮೆಂಟಿನವರು ರಾತ್ರಿ 10ರ ಮೇಲೆ ಮುಟ್ಟಲೇಬೇಡಿ. ಈ ಸದ್ದು ಗೋಡೆ ದಾಟುತ್ತದೆ. ಹಗಲಲ್ಲೂ ಕೆಳಗಿನ ಮನೆಯವರಿಗೆ ಒಂದು ಮಾತು ಹೇಳಿ ಶುರು ಮಾಡಿ.

7. ಧ್ಯಾನಕ್ಕೆ ಬಾರಿಸಬಹುದಾ?

ಬಾರಿಸಬಹುದು. ಒಂದೇ ಸಮನೆ ಪೆಟ್ಟು ಕೇಳುತ್ತಾ ಕೂತರೆ ಮನಸ್ಸು ನಿಲ್ಲುತ್ತದೆ, ಇದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ನೀವು ಮಾಡುತ್ತಿರುವುದಕ್ಕೆ ಸರಿಯಾದ ಹೆಸರು ಇಡಿ. ಸೆಕೆಂಡಿಗೆ ನಾಲ್ಕರಿಂದ ಏಳು ಪೆಟ್ಟು ಹಾಕಿ, ಕಣ್ಣುಮುಚ್ಚಿ 'ಪಯಣ' ಮಾಡುವ ಪದ್ಧತಿಯನ್ನು ಹಬ್ಬಿಸಿದವರು ಅಮೆರಿಕದ ಮಾನವಶಾಸ್ತ್ರಜ್ಞ ಮೈಕೆಲ್ ಹಾರ್ನರ್. ಬೆಂಗಳೂರಿನ ವಾರಾಂತ್ಯದ ಶಿಬಿರಗಳಲ್ಲಿ ಕಲಿಸುವುದರ ಬೇರು ಹೆಚ್ಚಾಗಿ ಅಲ್ಲಿದೆ. ಅದನ್ನು ಮಾಡುವುದು ತಪ್ಪಲ್ಲ. ಮಾಡಿ "ಹಿಮಾಲಯದ ಪುರಾತನ ಝಾಂಕ್ರಿ ವಿದ್ಯೆ" ಅಂತ ಹೇಳಿಕೊಂಡರೆ ಅದು ಸುಳ್ಳು.

ಝಾಂಕ್ರಿಗಳ ಮಂತ್ರವನ್ನು ವಿಡಿಯೋ ನೋಡಿ ಬಾಯಿಪಾಠ ಮಾಡಿ ಹೇಳಬೇಡಿ. ಅವರ ವೇಷ ಹಾಕಬೇಡಿ. ಬೇರೆಯವರಿಗೆ 'ಹೀಲಿಂಗ್' ಮಾಡುತ್ತೇನೆ ಅಂತ ಕೂರಬೇಡಿ. ಫಿಟ್ಸ್ ಇರುವವರು, ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೊದಲು ತಮ್ಮ ಡಾಕ್ಟರನ್ನು ಕೇಳಲಿ. ಡೋಲು ಸಿಕ್ಕಿತು ಅಂತ ಮಾತ್ರೆ ಬಿಡುವುದಂತೂ ಬೇಡವೇ ಬೇಡ. ನೇಪಾಳದಲ್ಲೇ ಝಾಂಕ್ರಿಗಳಿಗೆ ತರಬೇತಿ ಕೊಟ್ಟು, ಭೇದಿಯಾದ ಮಕ್ಕಳಿಗೆ ಜೀವನ್ ಜಲ್, ಅಂದರೆ ನಮ್ಮ ಓಆರ್‌ಎಸ್ ಪುಡಿಯ ನೀರು ಕುಡಿಸುವುದನ್ನು ಕಲಿಸಿದ್ದಾರೆ. ಮಂತ್ರವೂ ಇರಲಿ, ಉಪ್ಪು-ಸಕ್ಕರೆ ನೀರೂ ಇರಲಿ ಅಂತ ಅವರೇ ಒಪ್ಪಿದ ಮೇಲೆ ನಮ್ಮದೇನು?

ಗುಂಪಾಗಿ ಕೂತು ಬಾರಿಸುವುದಷ್ಟೇ ನಿಮ್ಮ ಆಸೆಯಾದರೆ ಢ್ಯಾಂಗ್ರೊ ಬೇಕಾಗಿಯೇ ಇಲ್ಲ. ಸಿಂಥೆಟಿಕ್ ಹೊದಿಕೆಯ ಡೋಲು ತೆಗೆದುಕೊಳ್ಳಿ. ಮಳೆ ಬಂದರೂ ಸ್ವರ ಇಳಿಯುವುದಿಲ್ಲ.

8. ಮಳೆಗಾಲ ಮತ್ತು ರಿಪೇರಿ

ಮಂಗಳೂರು, ಕಾರವಾರ, ಮಡಿಕೇರಿ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್ ಕಷ್ಟಕಾಲ. ಹತ್ತಿ ಬಟ್ಟೆಯ ಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟರೆ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ನೇತು ಹಾಕಬೇಡಿ, ಗೋಡೆ ಥಂಡಿ ಚರ್ಮಕ್ಕೆ ಇಳಿಯುತ್ತದೆ. ಚೀಲದೊಳಗೆ ಒಣಗಿದ ಬೇವಿನೆಲೆ ಹಾಕಿ, ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ. ಬೂಷ್ಟು ಕಂಡರೆ ಒಣ ಬಟ್ಟೆಯಲ್ಲಿ ಮನೆ ಹೊರಗೆ ಒರೆಸಿ, ಆಮೇಲೆ ಕಾಯಿಸಿ. ಅಂಚಿನಲ್ಲಿ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಹುಳು. ಅದನ್ನು ಬೇರೆ ವಾದ್ಯಗಳಿಂದ ದೂರ ಇಟ್ಟು ಬಿಸಿಲಿಗೆ ಹಾಕಿ.

ಕೊಬ್ಬರಿ ಎಣ್ಣೆ ಹಚ್ಚುವ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಎಣ್ಣೆ ಕುಡಿದ ಚರ್ಮ ಮೆತ್ತಗಾಗುತ್ತದೆ, ಎಷ್ಟು ಕಾಯಿಸಿದರೂ ಮತ್ತೆ ಬಿಗಿಯಾಗುವುದಿಲ್ಲ. ಕಮಟು ವಾಸನೆ ಬೇರೆ.

ಸಣ್ಣ ತೂತಾದರೆ ತೆಳು ಚರ್ಮದ ತುಂಡನ್ನು ಮರದ ಅಂಟಿನಿಂದ ಅಂಟಿಸಿ, ಒಂದು ದಿನ ಬಿಟ್ಟು ಬಾರಿಸಿ. ಉದ್ದಕ್ಕೆ ಸೀಳಿದ್ದರೆ ಚರ್ಮ ಬದಲಿಸಬೇಕು. ಇದಕ್ಕೆ ನೇಪಾಳಕ್ಕೆ ಓಡಬೇಕಿಲ್ಲ. ಮೃದಂಗ, ತಬಲಾಗೆ ಮುಚ್ಚಿಗೆ ಹಾಕುವವರು ಅಥವಾ ತಮಟೆ ಕಟ್ಟುವವರು ಮಾಡಿಕೊಡುತ್ತಾರೆ. ಎರಡು ಮಾತು ಮೊದಲೇ ಹೇಳಿ: ಕರಣೆ, ಅಂದರೆ ನಡುವಿನ ಕಪ್ಪು ಬೊಟ್ಟು, ಬೇಡ. ಬೆತ್ತದ ಕಟ್ಟು ಬಿಚ್ಚುವ ಮುನ್ನ ನಾಲ್ಕೂ ಕಡೆಯಿಂದ ಫೋಟೋ ತೆಗೆಯಲಿ, ಇಲ್ಲದಿದ್ದರೆ ಹೆಣಿಗೆ ಮರೆತು ಮೊಳೆ ಹೊಡೆದುಬಿಡುತ್ತಾರೆ. ಮೊಳೆ ಹೊಡೆದ ಬಳೆ ಅಲ್ಲೇ ಸೀಳುತ್ತದೆ. ನನ್ನದನ್ನು ಕಟ್ಟಿಕೊಟ್ಟ ತಮಟೆಯವರು ಆಡಿನ ಚರ್ಮವನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಹಾಕಿ, ಬೆಳಗ್ಗೆ ಹಸಿಯಾಗಿರುವಾಗಲೇ ಎಳೆದು ಕಟ್ಟಿದರು. "ಮೂರು ದಿನ ನೆರಳಲ್ಲಿರಲಿ ಸ್ವಾಮಿ, ಬಿಸಿಲಿಗಿಟ್ರೆ ಬಳೆ ಸೊಟ್ಟಗಾಗುತ್ತೆ" ಅಂದರು. ಮೂರನೇ ದಿನ ಸಂಜೆಯವರೆಗೂ ಬೆರಳಿಂದ ಕೂಡ ತಟ್ಟಬೇಡಿ.